ಸುಮೋದಲ್ಲಿ ದುಡ್ಡು, ಹೆಸರು ಮತ್ತು ಎಂಟನೇ ಗೆಲುವು

ಪ್ರತಿ ಟೂರ್ನಿ ಮುಗಿದ ಮೇಲೆ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ದುಡ್ಡಿನದ್ದೇ. ವರ್ಷಕ್ಕೆ ಆರು ಟೂರ್ನಿ, ಅಂದರೆ ಆರು ಸಲ ಅದೇ ಪ್ರಶ್ನೆ. ಸುಮೋ ಅಂದರೇನು, ಯಾರು ಸೋತ ಹಾಗೆ ಅನ್ನೋದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಎರಡು ಬೌಟ್ ನೋಡಿದರೆ ತಾನಾಗಿಯೇ ಗೊತ್ತಾಗುತ್ತದೆ. ಸಣ್ಣಪುಟ್ಟದ್ದನ್ನು ಮೊದಲು ಮುಗಿಸಿಬಿಡೋಣ.

ಯೊಕೊಜುನಾಗೆ ತಿಂಗಳ ಸಂಬಳ ಎಷ್ಟು? ರೂಪಾಯಿಯಲ್ಲಿ ಹೇಳಿ. (ಓದುಗರು, ತುಮಕೂರು)

ಯೊಕೊಜುನಾ ಅಂದರೆ ಸುಮೋದ ಅತಿ ದೊಡ್ಡ ಪದವಿ. ಅವನಿಗೆ 30 ಲಕ್ಷ ಯೆನ್. ರೂಪಾಯಿ ಲೆಕ್ಕ ನಿಮ್ಮ ಮೊಬೈಲ್‌ನಲ್ಲೇ ಸಿಗುತ್ತದೆ.

ಐಪಿಎಲ್ ಥರ ಇಲ್ಲೂ ಹರಾಜು ಇದೆಯಾ? (ಓದುಗರು, ಬೆಂಗಳೂರು)

ಇಲ್ಲ. ಸೇರಿದ ಗರಡಿ ಬಿಟ್ಟು ಇನ್ನೊಂದಕ್ಕೆ ಹಾರುವ ಹಾಗೇ ಇಲ್ಲ. ಗರಡಿಯೇ ಮುಚ್ಚಿಹೋದರೆ ಆ ಮಾತು ಬೇರೆ.

ಮಗನಿಗೆ 19 ವರ್ಷ, 118 ಕೆಜಿ. ಜಿಮ್‌ನವರು 'ಸುಮೋ ಪೌಡರ್' ಕುಡಿಸುತ್ತಿದ್ದಾರೆ. ಇನ್ನೂ ದಪ್ಪ ಆದರೆ ಜಪಾನಿಗೆ ಕಳಿಸಬಹುದು ಅಂತಾರೆ. (ಓದುಗರು, ಬಳ್ಳಾರಿ)

ಡಬ್ಬ ವಾಪಸ್ ಕೊಟ್ಟು ದುಡ್ಡು ಕೇಳಿ. ಹೊಟ್ಟೆ ನೋಡಿ ಯಾರೂ ಸುಮೋಗೆ ಸೇರಿಸಿಕೊಳ್ಳುವುದಿಲ್ಲ. ಒಂದು ಗರಡಿಯಲ್ಲಿ ಒಬ್ಬ ವಿದೇಶಿಗೆ ಮಾತ್ರ ಜಾಗ. ಆ ಜಾಗ ಖಾಲಿ ಆಗುವುದನ್ನೇ ಕಾಯುತ್ತಾ ಮಂಗೋಲಿಯಾದ ಹುಡುಗರು ಜಪಾನಿನ ಶಾಲೆಗಳಲ್ಲೇ ಕುಸ್ತಿ ಕಲಿಯುತ್ತಿರುತ್ತಾರೆ. ಈ ವಾರವೇ ಮಗನ ಶುಗರ್ ಚೆಕ್ ಮಾಡಿಸಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ.

ಇಷ್ಟೊಂದು ದುಡ್ಡು, ಇಷ್ಟೊಂದು ಹೆಸರು ಬಂದ ಮೇಲೆ ಪೈಲ್ವಾನರ ಹಸಿವು ಸತ್ತುಹೋಗುವುದಿಲ್ಲವೇ? ಗೆದ್ದ ತಕ್ಷಣ ಕಣದಲ್ಲೇ ಲಕೋಟೆ ಕೊಡುತ್ತಾರಲ್ಲ, ಎಲ್ಲ ಅದಕ್ಕೇ ತಾನೆ? ನಮ್ಮ ಕಡೆ ಬೆಳ್ಳಿ ಗದೆಗೋಸ್ಕರ ಕುಸ್ತಿ ಆಡುತ್ತಿದ್ದರು. (ಓದುಗರು, ಧಾರವಾಡ)

ಲಕೋಟೆಯಿಂದಲೇ ಶುರು ಮಾಡುತ್ತೇನೆ. ಟಿವಿಯಲ್ಲಿ ಕಾಣುವ ದುಡ್ಡು ಅದೊಂದೇ, ಅದಕ್ಕೇ ಎಲ್ಲರ ಕಣ್ಣೂ ಅದರ ಮೇಲೆ.

ದೊಡ್ಡ ಬೌಟ್‌ಗೆ ಮುಂಚೆ ಕಂಪನಿಗಳ ಬ್ಯಾನರ್ ಹಿಡಿದು ಕೆಲವರು ಕಣದ ಸುತ್ತ ಬರುತ್ತಾರೆ. ಒಂದು ಬ್ಯಾನರ್‌ಗೆ 70,000 ಯೆನ್. ಇದಕ್ಕೆ ಕೆನ್ಶೊ ಅನ್ನುತ್ತಾರೆ. ಅದರಲ್ಲಿ 10,000 ಸುಮೋ ಸಂಘದ ಖರ್ಚಿಗೆ ಹೋಗುತ್ತದೆ. 30,000 ತೆರಿಗೆಗೆಂದು ಗೆದ್ದವನ ಹೆಸರಲ್ಲೇ ಎತ್ತಿಡುತ್ತಾರೆ. ಅವನಿಗೆ ಉಳಿಯುವುದು 30,000. ಗೆದ್ದವನು ಕುಕ್ಕರುಗಾಲಲ್ಲಿ ಕೂತು, ಬಲಗೈಯಿಂದ ಗಾಳಿಯನ್ನು ಮೂರು ಸಲ ಕೊಯ್ದ ಹಾಗೆ ಮಾಡಿ, ರೆಫರಿ ಬೀಸಣಿಗೆ ಮೇಲಿಟ್ಟು ಚಾಚುವ ಲಕೋಟೆಗಳನ್ನು ತೆಗೆದುಕೊಳ್ಳುತ್ತಾನೆ. ಯೊಕೊಜುನಾ ಅಸಾಶೊರ್ಯು ಎಡಗೈಯಲ್ಲಿ ಹಾಗೆ ಮಾಡಿದ್ದಕ್ಕೆ ಜಪಾನ್ ತುಂಬಾ ಗಲಾಟೆಯಾಯಿತು. ನಮ್ಮ ಮನೆಗಳಲ್ಲಿ ಎಡಗೈಯಲ್ಲಿ ದುಡ್ಡು ತೆಗೆದುಕೊಂಡರೆ ಅಜ್ಜಿ ಬೈತಾರಲ್ವಾ, ಹಾಗೆ.

ಈ ಲಕೋಟೆ ಬರುವುದು ಮೇಲಿನ ವರ್ಗದ 42 ಜನರ ಬೌಟ್‌ಗಳಿಗೆ. ಸುಮೋದಲ್ಲಿ ಇರುವವರು ಹತ್ತಿರ ಹತ್ತಿರ 600 ಜನ. ಅವರಲ್ಲಿ ಸಂಬಳ ಸಿಗುವುದು 70 ಜನಕ್ಕೆ ಮಾತ್ರ: ಮೇಲಿನ 42, ಅದರ ಕೆಳಗಿನ ಜುರ್ಯೊ ವರ್ಗದ 28. ಜುರ್ಯೊದವನಿಗೆ ತಿಂಗಳಿಗೆ 11 ಲಕ್ಷ ಯೆನ್. ಅದರ ಒಂದೇ ಮೆಟ್ಟಿಲು ಕೆಳಗೆ ಮಕುಶಿತಾ. ಅಲ್ಲಿ ಸಂಬಳವೇ ಇಲ್ಲ. ಟೂರ್ನಿಗೆ ಒಂದು ಸಲ 1.65 ಲಕ್ಷ ಯೆನ್ ಭತ್ಯೆ, ಅಷ್ಟೇ. ವರ್ಷದ ಲೆಕ್ಕ ಹಾಕಿ: ಒಬ್ಬನಿಗೆ 132 ಲಕ್ಷ, ಪಕ್ಕದವನಿಗೆ 10 ಲಕ್ಷಕ್ಕೂ ಕಡಿಮೆ. ಇಬ್ಬರ ತಾಕತ್ತಿನಲ್ಲಿ ಇರುವ ವ್ಯತ್ಯಾಸ ಕೂದಲೆಳೆಯಷ್ಟು.

ದುಡ್ಡು ಬಿಡಿ. ಜುರ್ಯೊಗೆ ಹತ್ತಿದವನಿಗೆ ಸ್ವಂತ ಕೋಣೆ, ಸೇವೆಗೆ ಕಿರಿಯ ಹುಡುಗರು, ಟೂರ್ನಿಯಲ್ಲಿ ಬಣ್ಣದ ರೇಷ್ಮೆ ಮವಾಶಿ, ಅಂದರೆ ಸೊಂಟಪಟ್ಟಿ. ಹತ್ತದವನು ಹತ್ತು ಜನರ ಜೊತೆ ಒಂದೇ ಹಾಲ್‌ನಲ್ಲಿ ಮಲಗಬೇಕು, ಅಡುಗೆ ಮಾಡಬೇಕು, ಹಿರಿಯನ ಬೆನ್ನು ಉಜ್ಜಬೇಕು. ತೀರಾ ಕೆಳಗಿನ ಎರಡು ವರ್ಗದವರು ಚಳಿಗಾಲದಲ್ಲೂ ಯುಕಾಟಾ ಅನ್ನುವ ತೆಳ್ಳನೆಯ ಹತ್ತಿ ನಿಲುವಂಗಿ, ಕಟ್ಟಿಗೆ ಚಪ್ಪಲಿಯಲ್ಲೇ ಓಡಾಡಬೇಕು. ಒಂದು ಜನವರಿ ಬೆಳಿಗ್ಗೆ ಟೋಕಿಯೋದ ರ್ಯೋಗೊಕು ಸ್ಟೇಷನ್ ಹೊರಗೆ ಅಂಥ ಹುಡುಗನೊಬ್ಬನನ್ನು ನೋಡಿದೆ. ನಾನು ಎರಡು ಸ್ವೆಟರ್ ಹಾಕಿ ನಡುಗುತ್ತಿದ್ದೆ. ಅವನ ಬರಿಗಾಲ ಹಿಮ್ಮಡಿ ಕೆಂಪಾಗಿ ಒಡೆದಿತ್ತು. ಒಳಗೆ ಹೋಗಿ ಖಾಲಿ ಕುರ್ಚಿಗಳ ಮುಂದೆ ಕೆಲವೇ ಸೆಕೆಂಡಿನ ಬೌಟ್ ಆಡಿ, ಸೋತು, ಬಗ್ಗಿ ನಮಸ್ಕಾರ ಮಾಡಿ ಹೋದ. ಯಾವ ಲಕೋಟೆ, ಯಾವ ಹೆಸರು?

ಹಾಗಾಗಿ ಧಾರವಾಡದ ಓದುಗರೇ, ನೀವು ನೋಡುತ್ತಿರುವುದು ಗೋಪುರದ ಕಳಸ. ಪೈಲ್ವಾನನನ್ನು ಓಡಿಸುವ ದುಡ್ಡು ಜುರ್ಯೊ, ಮಕುಶಿತಾ ನಡುವೆ ಇರುವ ಆ ಬೇಲಿಯಲ್ಲಿದೆ. ಬೇಲಿ ದಾಟುವ ಆಸೆ ಒಂದು ಪಾಲು, ಈಚೆ ಬೀಳುವ ಭಯ ಮೂರು ಪಾಲು.

ಈ ಭಯ ಏನೇನು ಮಾಡಿಸುತ್ತದೆ ಅನ್ನೋದಕ್ಕೆ ಸಾಕ್ಷಿ ಇದೆ. ಸಂಬಳದ ವರ್ಗದವರಿಗೆ ಟೂರ್ನಿಯಲ್ಲಿ 15 ಬೌಟ್. 8 ಗೆದ್ದರೆ ರ‍್ಯಾಂಕ್ ಮೇಲೆ, 7ಕ್ಕೇ ನಿಂತರೆ ಕೆಳಗೆ. ಹಾಗಾಗಿ ಎಂಟನೇ ಗೆಲುವಿಗೆ ಇರುವ ಬೆಲೆ ಒಂಬತ್ತನೆಯದಕ್ಕೆ ಇಲ್ಲ. ಸ್ಟೀವನ್ ಲೆವಿಟ್ ಮತ್ತು ಮಾರ್ಕ್ ಡಗ್ಗನ್ ಅನ್ನುವ ಅಮೆರಿಕದ ಅರ್ಥಶಾಸ್ತ್ರಜ್ಞರು 1989ರಿಂದ 2000ದವರೆಗಿನ ಬೌಟ್‌ಗಳನ್ನು ಜಾಲಾಡಿದರು. ಕೊನೆಯ ದಿನ 7-7ರಲ್ಲಿ ನಿಂತವನು 8-6ರವನ ಮೇಲೆ ಗೆಲ್ಲಬೇಕಾದದ್ದು ನೂರಕ್ಕೆ 49ರಷ್ಟು. ಗೆದ್ದದ್ದು ಸುಮಾರು 80! ಅದೇ ಇಬ್ಬರು ಮುಂದಿನ ಸಲ ಎದುರಾದಾಗ ಅವನ ಗೆಲುವು 40ಕ್ಕೆ ಇಳಿಯುತ್ತಿತ್ತು. ಸಾಲ ತೀರಿಸಿದ ಹಾಗೆ. 2002ರಲ್ಲಿ ಇದು ಪ್ರಕಟವಾದಾಗ ಕೆಲವರು ನಕ್ಕರು. 2011ರಲ್ಲಿ ಪೈಲ್ವಾನರ ಮೊಬೈಲ್‌ಗಳಲ್ಲಿ ಗೆಲುವು ಮಾರಿ ಕೊಂಡ ಮೆಸೇಜ್‌ಗಳೇ ಸಿಕ್ಕವು. ಆ ಮೆಸೇಜ್‌ಗಳಲ್ಲಿ ಇದ್ದವರು ಯೊಕೊಜುನಾಗಳಲ್ಲ, ಹೆಚ್ಚಿನವರು ಜುರ್ಯೊದವರು. ಬೇಲಿ ಪಕ್ಕದವರು! ಇಪ್ಪತ್ತಕ್ಕೂ ಹೆಚ್ಚು ಜನ ಹೊರಹೋದರು. ಆ ಮಾರ್ಚ್‌ನ ಒಸಾಕಾ ಟೂರ್ನಿಯೇ ರದ್ದಾಯಿತು. 1946ರ ನಂತರ ಹಾಗಾಗಿದ್ದು ಅದೇ ಮೊದಲು.

"ನೋಡಿ, ಎಲ್ಲ ಫಿಕ್ಸಿಂಗ್" ಅಂತ ಈಗ ಹತ್ತು ಜನ ಬರೆಯುತ್ತೀರಿ. ಬರೆಯಬೇಡಿ. ಆ ಮೇ ತಿಂಗಳಲ್ಲಿ ಏನಾಯಿತು ಅಂತ ನೋಡಿ. ಪರೀಕ್ಷಾ ಟೂರ್ನಿ ಅಂತ ಹೆಸರಿಟ್ಟು ನಡೆಸಿದರು. ಜನಕ್ಕೆ ಪುಕ್ಕಟೆ ಪ್ರವೇಶ. ಕಂಪನಿ ಬ್ಯಾನರ್ ಇಲ್ಲ, ಕಪ್ ಇಲ್ಲ. ರ‍್ಯಾಂಕ್ ಮಾತ್ರ ಲೆಕ್ಕಕ್ಕೆ. ಆದರೂ 15 ದಿನ ಗುದ್ದಾಡಿದರು. ಯೊಕೊಜುನಾ ಹಕುಹೊ ಸತತ ಏಳನೇ ಸಲ ಚಾಂಪಿಯನ್ ಆದ. ಮಾಮೂಲಿಯಾಗಿ ಮೇಲಿನ ವರ್ಗ ಗೆದ್ದವನಿಗೆ ಬಹುಮಾನ 1 ಕೋಟಿ ಯೆನ್. ಲಕೋಟೆಯೇ ಎಲ್ಲ ಆಗಿದ್ದರೆ ಆ ಮೇನಲ್ಲಿ ಅರ್ಧ ಜನ ಮೊಣಕಾಲು ನೋವು ಅಂತ ಮನೆಯಲ್ಲೇ ಕೂರುತ್ತಿದ್ದರು.

ಜನಕ್ಕೆ ಗೊತ್ತಿಲ್ಲದ ಇನ್ನೊಂದು ದುಡ್ಡಿದೆ. ನನಗೆ ಬಹಳ ಇಷ್ಟವಾದದ್ದು. ಪ್ರತಿಯೊಬ್ಬನ ಹೆಸರಲ್ಲೂ ಒಂದು ಹಳೇ ಕಾಲದ ಖಾತೆ ಇರುತ್ತದೆ, ಶುರುವಾಗುವುದು 3 ಯೆನ್‌ನಿಂದ! 8-7ರಲ್ಲಿ ಗೆದ್ದರೆ ಅರ್ಧ ಯೆನ್ ಸೇರುತ್ತದೆ. ಮಾಎಗಶಿರಾ, ಅಂದರೆ ಮೇಲಿನ ವರ್ಗದ ಸಾಮಾನ್ಯ ಪೈಲ್ವಾನ, ಯೊಕೊಜುನಾನನ್ನು ಕೆಡವಿದರೆ 'ಚಿನ್ನದ ನಕ್ಷತ್ರ', 10 ಯೆನ್. ಖಾತೆಯ ಮೊತ್ತವನ್ನು 4000ದಿಂದ ಗುಣಿಸಿ ಪ್ರತಿ ಟೂರ್ನಿಗೂ ಕೊಡುತ್ತಾರೆ. ಅಂದರೆ ಒಂದು ದಿನ ಯೊಕೊಜುನಾನನ್ನು ಬೀಳಿಸಿದ್ದಕ್ಕೆ ಟೂರ್ನಿಗೆ 40,000 ಯೆನ್, ಸಂಬಳದ ವರ್ಗದಲ್ಲಿ ಇರುವಷ್ಟು ಕಾಲವೂ. ಅಕಿನೊಶಿಮಾ ಅನ್ನುವ ಪೈಲ್ವಾನ 16 ನಕ್ಷತ್ರ ಗಳಿಸಿದ್ದ. ಅವಕ್ಕೇ ಟೂರ್ನಿಗೆ 6.4 ಲಕ್ಷ. ಸೋತರೆ ಖಾತೆಯಿಂದ ಕಳೆಯುವುದಿಲ್ಲ. ಆದರೆ ಬೇಲಿಯಿಂದ ಈಚೆ ಬಿದ್ದರೆ ಕೊಡುವುದೂ ಇಲ್ಲ. ಈ ಲೆಕ್ಕ ಮಾಡಿದವನು ಯಾರೋ, ಪೈಲ್ವಾನರ ಮನಸ್ಸು ಚೆನ್ನಾಗಿ ತಿಳಿದವನು.

ಇನ್ನು ಹೆಸರು. ಇದು ದುಡ್ಡಿಗಿಂತ ಭಾರ. ತಕಾಮಿಸಕಾರಿ ಅನ್ನುವ ಪೈಲ್ವಾನನಿಗೆ ಸಿಗುತ್ತಿದ್ದ ಚಪ್ಪಾಳೆ ಯೊಕೊಜುನಾಗಳಿಗೂ ಸಿಗುತ್ತಿರಲಿಲ್ಲ. ಬೌಟ್‌ಗೆ ಮುಂಚೆ ಮುಖ, ಎದೆ ಬಡಿದುಕೊಂಡು ಮುಷ್ಟಿ ಝಾಡಿಸುತ್ತಿದ್ದ, ಮಕ್ಕಳು ಕುಣಿದಾಡುತ್ತಿದ್ದರು. ನಾಗತಾನಿಎನ್ ಕಂಪನಿ ಅವನ ಬೌಟ್‌ಗಳಿಗೆ ಬ್ಯಾನರ್ ಮೇಲೆ ಬ್ಯಾನರ್ ಕಳಿಸುತ್ತಿತ್ತು. ಆದರೆ 2013ರ ಜನವರಿಯಲ್ಲಿ ಜುರ್ಯೊದಿಂದ ಕೆಳಗೆ ಬೀಳುವುದು ಖಾತ್ರಿಯಾದಾಗ ನಿವೃತ್ತಿ ಹೇಳಿದ. ಅಷ್ಟು ಹೆಸರಿಗೂ ಬೇಲಿ ಹಾರಿಸುವ ಶಕ್ತಿ ಇರಲಿಲ್ಲ.

ಕಿಸೆನೊಸಾತೊನ ಕಥೆ ಇನ್ನೂ ಕಷ್ಟದ್ದು. 2017ರ ಜನವರಿಯಲ್ಲಿ ಯೊಕೊಜುನಾ ಆದ. ಜಪಾನಿನಲ್ಲಿ ಹುಟ್ಟಿದವನೊಬ್ಬ ಆ ಪಟ್ಟಕ್ಕೆ ಬಂದು 19 ವರ್ಷವಾಗಿತ್ತು, ದೇಶವೇ ಹುಚ್ಚೆದ್ದಿತು. ಮಾರ್ಚ್‌ನಲ್ಲಿ 13ನೇ ದಿನ ಎಡಭುಜದ ಹತ್ತಿರ ಪೆಟ್ಟಾಯಿತು. ಮನೆಗೆ ಹೋಗಬೇಕಿತ್ತು, ಹೋಗಲಿಲ್ಲ. ಕೊನೆಯ ದಿನ ಒಂದು ಗೆಲುವು ಮುಂದಿದ್ದ ತೆರುನೊಫುಜಿಯನ್ನು ಎರಡು ಸಲ ಕೆಡವಿ ಕಪ್ ಎತ್ತಿದ. ಜನ ಅತ್ತರು. ಟಿವಿ ಮುಂದೆ ನಾನೂ ಎದ್ದು ನಿಂತಿದ್ದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಆ ಭುಜ ಸರಿಹೋಗಲೇ ಇಲ್ಲ. ಯೊಕೊಜುನಾಗೆ ಹಿಂಬಡ್ತಿ ಅನ್ನೋದಿಲ್ಲ, ಗೆಲ್ಲಬೇಕು ಇಲ್ಲ ಬಿಡಬೇಕು. ಸತತ ಎಂಟು ಟೂರ್ನಿಗಳನ್ನು ಪೂರ್ತಿ ಆಡಲು ಆಗಲಿಲ್ಲ. 2019ರ ಜನವರಿಯಲ್ಲಿ ಬಿಟ್ಟಾಗ ಯೊಕೊಜುನಾ ಆಗಿ ಅವನ ಲೆಕ್ಕ 36 ಗೆಲುವು, 36 ಸೋಲು, 97 ಗೈರು. ಪೆಟ್ಟು ತಿಂದ ಹುಡುಗನಿಗೆ "ಜನ ಕಾಯ್ತಿದ್ದಾರೆ, ಕಣಕ್ಕಿಳಿ" ಅನ್ನುವ ಕೋಚ್‌ಗಳು ನಮ್ಮಲ್ಲೂ ಇದ್ದಾರೆ. ನೋವಿನ ಸೂಜಿ ಚುಚ್ಚಿ ಆಡಿಸುವ ಮಹಾನುಭಾವರೂ ಇದ್ದಾರೆ. ಅವರ ಗರಡಿಗೆ ಮಕ್ಕಳನ್ನು ಕಳಿಸಬೇಡಿ.

ಅವತ್ತು ಸೋತ ತೆರುನೊಫುಜಿಯನ್ನು ನೋಡಿ. ಅದಕ್ಕೆ ಹಿಂದಿನ ದಿನ ಪಕ್ಕಕ್ಕೆ ಜಿಗಿದು ಗೆದ್ದ ಅಂತ ಒಸಾಕಾದ ಜನ ಅವನಿಗೆ ಮಂಗೋಲಿಯಾಗೆ ವಾಪಸ್ ಹೋಗು ಅಂತ ಕೂಗಿದ್ದರು. ಆಮೇಲೆ ಎರಡೂ ಮೊಣಕಾಲು ಕೆಟ್ಟವು, ಸಕ್ಕರೆ ಕಾಯಿಲೆ ಬಂತು. ಎರಡನೇ ಅತಿ ದೊಡ್ಡ ಪದವಿಯಿಂದ ಜಾರುತ್ತಾ ಜಾರುತ್ತಾ ಕೆಳಗಿನಿಂದ ಎರಡನೇ ವರ್ಗಕ್ಕೆ ಬಿದ್ದ. ಸಂಬಳ ಹೋಯಿತು, ಹೆಸರೂ ಹೋಯಿತು. ಬಿಟ್ಟುಬಿಡ್ತೀನಿ ಅಂತ ಗುರುವಿನ ಹತ್ತಿರ ಹಲವು ಸಲ ಹೇಳಿದ, ಗುರು ಒಪ್ಪಲಿಲ್ಲ. 2019ರ ಮಾರ್ಚ್‌ನಲ್ಲಿ, ಕಿಸೆನೊಸಾತೊ ಬಿಟ್ಟ ಎರಡೇ ತಿಂಗಳಿಗೆ, ಬೆಳಿಗ್ಗೆ ಹೊತ್ತು ಚಿಕ್ಕ ಹುಡುಗರ ಜೊತೆ ಕಣಕ್ಕಿಳಿದ. 2020ರ ಜುಲೈನಲ್ಲಿ ಮೇಲಿನ ವರ್ಗದ ಚಾಂಪಿಯನ್. 2021ರಲ್ಲಿ ಯೊಕೊಜುನಾ. ಆ ಬೆಳಗಿನ ಬೌಟ್‌ಗಳಿಗೆ ಯಾವ ಕಂಪನಿಯ ಬ್ಯಾನರ್ ಇತ್ತು, ಹೇಳಿ?

ಕೊನೆಗೆ ಹನಕಾಜೆ. 1986ರಲ್ಲಿ ಸೇರಿದ, 2022ರಲ್ಲಿ 51ನೇ ವಯಸ್ಸಿಗೆ ಬಿಟ್ಟ. ಮಕುಶಿತಾಕ್ಕೂ ಹತ್ತಲಿಲ್ಲ. ಮೂವತ್ತೈದು ವರ್ಷಕ್ಕೂ ಜಾಸ್ತಿ ಆಡಿ ಒಂದು ತಿಂಗಳ ಸಂಬಳವನ್ನೂ ಕಾಣದವನು. ಇವನ ಮುಂದೆ ನನ್ನ ಬೇಲಿ ಲೆಕ್ಕವೂ ನಡೆಯುವುದಿಲ್ಲ, ಒಪ್ಪುತ್ತೇನೆ.

ಮಂಗೋಲಿಯನ್ನರು ದುಡ್ಡಿಗೆ, ಜಪಾನಿಯರು ಗೌರವಕ್ಕೆ ಆಡುತ್ತಾರೆ ಅಂತಾರಲ್ಲ? (ಓದುಗರು, ಮೈಸೂರು)

ಅನ್ನುವವರಿಗೆ ಕೆಲಸವಿಲ್ಲ. 2011ರಲ್ಲಿ ಫಿಕ್ಸಿಂಗ್‌ಗೆ ಸಿಕ್ಕಿಬಿದ್ದವರ ಪಟ್ಟಿಯಲ್ಲಿ ಜಪಾನಿಯರೇ ಜಾಸ್ತಿ ಇದ್ದರು. ಮಂಗೋಲಿಯಾದಿಂದ 1992ರಲ್ಲಿ ಬಂದ ಕ್ಯೊಕುತೆನ್ಹೊ ಮೊದಲ ಕಪ್ ಗೆದ್ದದ್ದು 2012ರಲ್ಲಿ, 37ನೇ ವಯಸ್ಸಿಗೆ.

ಮೊದಲ ಸಲ ನೋಡುವವರು ಯಾವ ಬೌಟ್ ನೋಡಬೇಕು? (ಓದುಗರು, ಶಿವಮೊಗ್ಗ)

ಎಲ್ಲರೂ ಕೊನೆಯ ಬೌಟ್ ಅನ್ನುತ್ತಾರೆ. ನೀವು ಟೂರ್ನಿಯ ಕೊನೆಯ ಮೂರು ದಿನ, ನಮ್ಮ ಬೆಳಿಗ್ಗೆ 11ರ ಹೊತ್ತಿಗೆ, ಜುರ್ಯೊ ಶುರುವಾಗುವುದನ್ನು ನೋಡಿ. ಅಲ್ಲಿ ಒಬ್ಬಿಬ್ಬರು ಮಕುಶಿತಾ ಹುಡುಗರನ್ನು ಮೇಲಿನವರ ಎದುರು ನಿಲ್ಲಿಸಿರುತ್ತಾರೆ. ಒಬ್ಬನದು ಬಣ್ಣದ ರೇಷ್ಮೆ ಮವಾಶಿ, ಇನ್ನೊಬ್ಬನದು ಕಪ್ಪು ಹತ್ತಿಯದು. ಆ ಕಪ್ಪು ಹತ್ತಿಯವನ ಜುಟ್ಟನ್ನು ಅವತ್ತು ಮಾತ್ರ ಮೇಲಿನವರ ಹಾಗೆ ಗಿಂಕೊ ಎಲೆಯ ಆಕಾರಕ್ಕೆ ಬಿಡಿಸಿ ಕಟ್ಟಿರುತ್ತಾರೆ. ಸೋತರೆ ನಾಳೆಗೆ ಮತ್ತೆ ಹಳೇ ಜುಟ್ಟು.