ಎಲ್ಲ ವಿಷಯಕ್ಕೂ ಒಂದೇ ಥರ ನೋಟ್ಸ್ ಬರೆದರೆ ಸಾಕಾ?

ನೀವು ಕೇಳಿದ್ದು ಇಷ್ಟು: ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಈಗ ಪ್ರಥಮ ಪಿಯುಸಿ ಸೈನ್ಸ್. ದಿನಾ ಸಂಜೆ ಕೂತು ನೀಟಾಗಿ ನೋಟ್ಸ್ ಬರೆಯುತ್ತೀರಿ. ಟೆಸ್ಟ್ ಪೇಪರ್ ಕೈಗೆ ಬಂದರೆ ಒಂದೂ ನೆನಪಿಗೆ ಬರುವುದಿಲ್ಲ. ಎಲ್ಲ ವಿಷಯಕ್ಕೂ ಒಂದೇ ರೀತಿ ನೋಟ್ಸ್ ಮಾಡಬೇಕಾ, ಬೇರೆ ಬೇರೆ ರೀತಿಯಾ? ಎಸ್ಸೆಸ್ಸೆಲ್ಸಿಯಲ್ಲಿರುವ ತಂಗಿಗೆ ಏನು ಹೇಳಲಿ?

ನಾನು ಪಿಯು ಮಕ್ಕಳಿಗೆ ಪಾಠ ಹೇಳುವವನು. ಅವರ ನೋಟ್‌ಬುಕ್ ತಿರುವಿ ನೋಡುವುದು ನನ್ನ ಕೆಲಸದಲ್ಲಿ ದೊಡ್ಡ ಪಾಲು. ಹಾಗಾಗಿ ನೇರವಾಗಿ ಹೇಳುತ್ತೇನೆ. ಒಂದೊಂದು ವಿಷಯಕ್ಕೆ ಒಂದೊಂದು ಥರ ಬರೆಯಬೇಕು. ಅದಕ್ಕಿಂತ ಮುಖ್ಯವಾದದ್ದು, ಪುಸ್ತಕ ಮುಚ್ಚಿ ಬರೆಯಬೇಕು.

ಪಠ್ಯಪುಸ್ತಕ ಪಕ್ಕದಲ್ಲಿ ತೆರೆದಿಟ್ಟು, ಅದನ್ನೇ ನೋಡಿ ನೋಡಿ ಬರೆಯುವಾಗ ಕಣ್ಣಿಗೆ ಕಂಡದ್ದು ಕೈಗೆ ಇಳಿಯುತ್ತದೆ, ಅಷ್ಟೆ. ತಲೆಗೆ ಅಲ್ಲಿ ಕೆಲಸವೇ ಇಲ್ಲ. ಪುಟ ತುಂಬಿದ್ದು ನೋಡಿ ಓದಿದಂತೆ ಅನ್ನಿಸುತ್ತದೆ. ಆದರೆ ಪರೀಕ್ಷೆಯಲ್ಲಿ ಯಾರೂ ನಿಮಗೆ ನಕಲು ಮಾಡಲು ಹೇಳುವುದಿಲ್ಲ, ನೆನಪಿನಿಂದ ತೆಗೆದು ಬರೆಯಲು ಹೇಳುತ್ತಾರೆ. ಆ ಕೆಲಸವನ್ನು ಮನೆಯಲ್ಲಿ ಒಮ್ಮೆಯೂ ಮಾಡದೆ ಪರೀಕ್ಷೆ ಹಾಲ್‌ನಲ್ಲಿ ಮೊದಲ ಸಲ ಮಾಡಲು ಹೋದರೆ ತಡವರಿಸುವುದು ಸಹಜ, ಅಲ್ವಾ?

ಇದು ನನ್ನೊಬ್ಬನ ಅನುಭವ ಮಾತ್ರ ಅಲ್ಲ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳಿಗೆ ಚಿಕ್ಕ ಪಾಠಗಳನ್ನು ಓದಲು ಕೊಟ್ಟರು. ಕೆಲವರು ಅದನ್ನೇ ಮತ್ತೆ ಓದಿದರು. ಇನ್ನು ಕೆಲವರು ಪಾಠ ಪಕ್ಕಕ್ಕಿಟ್ಟು, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಮತ್ತೆ ಓದಿದವರದೇ ಮೇಲುಗೈ. ಆದರೆ ಎರಡು ದಿನ ಕಳೆದ ಮೇಲೆ, ವಾರ ಕಳೆದ ಮೇಲೆ ಪರೀಕ್ಷಿಸಿದಾಗ ನೆನಪಿನಿಂದ ಬರೆದವರು ಮುಂದಿದ್ದರು. ನಿಮ್ಮ ಕಥೆಯೂ ಇದೇ. ಬರೆದ ದಿನ ರಾತ್ರಿ ಎಲ್ಲ ಬರುತ್ತದೆ, ಟೆಸ್ಟಿನ ದಿನ ಕೈಕೊಡುತ್ತದೆ.

ಪುಟ ಹೇಗಿರಬೇಕು ಎಂದು ಮೊದಲು ಹೇಳಿಬಿಡುತ್ತೇನೆ. ಎಡಕ್ಕೆ ನಾಲ್ಕು ಬೆರಳಗಲ ಬಿಟ್ಟು ಉದ್ದಕ್ಕೆ ಒಂದು ಗೀಟು ಎಳೆಯಿರಿ. ಬಲಭಾಗದಲ್ಲಿ ತರಗತಿಯ ನೋಟ್ಸ್. ಸಂಜೆ ಅದನ್ನು ಓದಿ, ಎಡಭಾಗದಲ್ಲಿ ಬರೀ ಪ್ರಶ್ನೆಗಳನ್ನು ಬರೆಯಿರಿ. ಆಮೇಲೆ ಬಲಭಾಗವನ್ನು ಒಂದು ಹಾಳೆಯಿಂದ ಮುಚ್ಚಿ, ಪ್ರಶ್ನೆ ಮಾತ್ರ ನೋಡಿ ಉತ್ತರ ಹೇಳಿ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಪಾಕ್ ಎಂಬ ಪ್ರಾಧ್ಯಾಪಕರು 1950ರ ದಶಕದಲ್ಲಿ ರೂಪಿಸಿದ ಕ್ರಮ ಇದು. ಕಾರ್ನೆಲ್ ನೋಟ್ಸ್ ಎಂದೇ ಹೆಸರಾಗಿದೆ. ಗೀಟು ಹಾಕಿ ಎಡಭಾಗ ಖಾಲಿ ಬಿಟ್ಟರೆ ಮಾತ್ರ ಪ್ರಯೋಜನ ಇಲ್ಲ.

ಈಗ ಒಂದೊಂದೇ ವಿಷಯಕ್ಕೆ ಬರೋಣ. ಬಯಾಲಜಿಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಪುಟಗಟ್ಟಲೆ ನಕಲು ಮಾಡುವುದು ಇದರಲ್ಲೇ ಜಾಸ್ತಿ.

ನೆಫ್ರಾನ್, ಅಂದರೆ ಮೂತ್ರಪಿಂಡದಲ್ಲಿ ರಕ್ತ ಸೋಸುವ ಸೂಕ್ಷ್ಮ ಕೊಳವೆಯ ಪಾಠ ತೆಗೆದುಕೊಳ್ಳಿ. ನಾಲ್ಕು ಪುಟ ವಾಕ್ಯ ಬರೆಯುವ ಬದಲು ಒಂದು ಇಡೀ ಪುಟಕ್ಕೆ ಒಂದೇ ಚಿತ್ರ ಬರೆಯಿರಿ. ಪಾಠ ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೀಲಿ ಪೆನ್ ಹಿಡಿಯಿರಿ. ಗ್ಲೋಮೆರುಲಸ್, ಬೌಮನ್ ಕ್ಯಾಪ್ಸೂಲ್, ಪಿಸಿಟಿ, ಹೆನ್ಲೆಯ ಲೂಪ್, ಡಿಸಿಟಿ, ಕಲೆಕ್ಟಿಂಗ್ ಡಕ್ಟ್, ಹೀಗೆ ಅದರ ಭಾಗಗಳನ್ನು ನೆನಪಾದಷ್ಟು ಬರೆದು, ಎಲ್ಲೆಲ್ಲಿ ಏನಾಗುತ್ತದೆ ಎಂದು ಅಲ್ಲಲ್ಲೇ ಬಾಣ ಹಾಕಿ. ಗ್ಲೂಕೋಸ್ ಮತ್ತು ಅಮೈನೋ ಆಮ್ಲ ಎಲ್ಲಿ ವಾಪಸ್ ರಕ್ತಕ್ಕೆ ಹೋಗುತ್ತವೆ? ನೀರು ಎಲ್ಲಿ? ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಸುಮಾರು ಒಂದೂವರೆ ಲೀಟರ್ ಮೂತ್ರ ಮಾತ್ರ ಹೊರಗೆ ಹೋಗುತ್ತದೆ ಎಂದರೆ ಉಳಿದದ್ದು ಎಲ್ಲಿ ಹೋಯಿತು? ಈ ಕೊನೆಯ ಪ್ರಶ್ನೆಯನ್ನು ಚಿತ್ರದ ಪಕ್ಕದಲ್ಲೇ ಬರೆದಿಡಿ. ಅದಕ್ಕೆ ಉತ್ತರ ಹುಡುಕುತ್ತಾ ಹೋದರೆ ಅರ್ಧ ಪಾಠ ಅಲ್ಲೇ ಮುಗಿಯುತ್ತದೆ.

ಇಷ್ಟಾದ ಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಿ. ತಪ್ಪಾದದ್ದನ್ನೂ ಕೆಂಪಿನಲ್ಲೇ ತಿದ್ದಿ. ಈ ಪಾಠದಲ್ಲಿ ಹೆಚ್ಚಿನ ಮಕ್ಕಳಿಗೆ ಕೆಂಪು ಬೀಳುವುದು ಹೆನ್ಲೆಯ ಲೂಪ್ ಹತ್ತಿರ. ಕೆಳಗಿಳಿಯುವ ಕೊಳವೆ ನೀರನ್ನು ಹೊರಬಿಡುತ್ತದೆ, ಲವಣವನ್ನು ಅಷ್ಟಾಗಿ ಬಿಡುವುದಿಲ್ಲ. ಮೇಲೇರುವ ಕೊಳವೆಯಲ್ಲಿ ಇದು ಉಲ್ಟಾ. ಎಷ್ಟು ಓದಿದರೂ ಇವೆರಡು ಅದಲು ಬದಲಾಗುತ್ತವೆ. ಕೆಂಪು ಅಕ್ಷರ ಕಂಡ ಜಾಗವನ್ನೇ ಮತ್ತೆ ಓದಬೇಕು. ನೀಲಿಯಲ್ಲಿ ಇರುವುದು ನಿಮಗೆ ಆಗಲೇ ಬಂದಿದೆ, ಅದರ ಮೇಲೆ ಹೊತ್ತು ಕಳೆಯುವುದು ಬೇಡ. ಮೂರು ದಿನ ಬಿಟ್ಟು ಹೊಸ ಹಾಳೆಯಲ್ಲಿ ಅದೇ ಚಿತ್ರ ಬರೆಯಿರಿ. ಕೆಂಪು ಕಡಿಮೆಯಾಗುವುದು ನಿಮ್ಮ ಕಣ್ಣಿಗೇ ಕಾಣುತ್ತದೆ. ಹೃದಯ, ಕಣ್ಣು, ಎಲೆಯ ಅಡ್ಡಸೀಳು ಎಲ್ಲಕ್ಕೂ ಇದೇ ದಾರಿ.

ಫಿಸಿಕ್ಸ್‌ನಲ್ಲಿ ಫಾರ್ಮುಲಾ ಪಟ್ಟಿ ಮಾಡಿ ಗೋಡೆಗೆ ಅಂಟಿಸುವವರು ಬಹಳ. ಪಟ್ಟಿ ಇರಲಿ, ಬೇಡ ಎನ್ನುವುದಿಲ್ಲ. ಆದರೆ ಪ್ರತಿ ಫಾರ್ಮುಲಾ ಕೆಳಗೆ ‘ಇದು ಯಾವಾಗ ನಡೆಯುತ್ತದೆ’ ಎಂದು ಒಂದು ಸಾಲು ಇರಲೇಬೇಕು. ವಿ ಈಕ್ವಲ್ ಟು ಯು ಪ್ಲಸ್ ಎಟಿ ಎಲ್ಲರಿಗೂ ಬಾಯಿಗೆ ಬರುತ್ತದೆ. ವೇಗೋತ್ಕರ್ಷ ಒಂದೇ ಸಮ ಇದ್ದಾಗ ಮಾತ್ರ ಅದು ನಡೆಯುತ್ತದೆ ಎಂಬುದು ಎಷ್ಟು ಜನರ ನೋಟ್ಸಿನಲ್ಲಿದೆ? ಸ್ಪ್ರಿಂಗಿಗೆ ಕಟ್ಟಿದ ಗುಂಡಿನ ವೇಗೋತ್ಕರ್ಷ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಅಲ್ಲಿ ಈ ಫಾರ್ಮುಲಾ ಹಾಕಿದರೆ ಲೆಕ್ಕ ಪೂರ್ತಿ ಹೋಯಿತು. ಡೆರಿವೇಶನ್‌ಗಳನ್ನು ಉರು ಹೊಡೆಯಬೇಡಿ. ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ಯಾಕೆ ಹೋದೆವು ಎಂದು ಪಕ್ಕದಲ್ಲಿ ಕನ್ನಡದಲ್ಲೇ ಒಂದೊಂದು ಮಾತು ಬರೆದುಕೊಳ್ಳಿ.

ಮ್ಯಾಥ್ಸ್‌ಗೆ ನಾವು ಅಂದುಕೊಂಡ ಅರ್ಥದಲ್ಲಿ ನೋಟ್ಸೇ ಇಲ್ಲ. ಬೋರ್ಡಿನ ಮೇಲಿನ ಲೆಕ್ಕವನ್ನು ಚಂದವಾಗಿ ಇಳಿಸಿಕೊಂಡರೆ ಮೇಷ್ಟ್ರಿಗೆ ಆ ಲೆಕ್ಕ ಬರುತ್ತದೆ ಎಂದಷ್ಟೇ ಗೊತ್ತಾಗುತ್ತದೆ. ನಿಮಗೆ ಬರುತ್ತದಾ ಎಂದು ಗೊತ್ತಾಗಬೇಕಾದರೆ ಮನೆಯಲ್ಲಿ ಖಾಲಿ ಹಾಳೆಯ ಮೇಲೆ ಅದನ್ನೇ ಮತ್ತೆ ಮಾಡಿ. ಎಲ್ಲಿ ನಿಂತಿರಿ, ಯಾಕೆ ನಿಂತಿರಿ ಎಂಬುದನ್ನು ಮಾತ್ರ ಬೇರೆ ಪುಸ್ತಕದಲ್ಲಿ ಬರೆಯಿರಿ. ಒಂದು ಉದಾಹರಣೆ. ಹತ್ತು ಜನರಲ್ಲಿ ಮೂವರ ಸಮಿತಿ ಆರಿಸಲು 120 ದಾರಿ. ಅದೇ ಹತ್ತು ಜನರಲ್ಲಿ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಂದು ಮೂವರನ್ನು ಆರಿಸಲು 720 ದಾರಿ. ಪರ್ಮ್ಯುಟೇಶನ್ನಾ (ಕ್ರಮ ಲೆಕ್ಕಕ್ಕೆ ಬರುವ ಆಯ್ಕೆ) ಕಾಂಬಿನೇಶನ್ನಾ (ಕ್ರಮ ಲೆಕ್ಕಕ್ಕಿಲ್ಲದ ಆಯ್ಕೆ) ಎಂದು ಒದ್ದಾಡುವವರು ಈ ಎರಡು ಲೆಕ್ಕವನ್ನು ಅಕ್ಕಪಕ್ಕ ಬರೆದು, ನಡುವೆ ‘ಜಾಗ ಬದಲಾದರೆ ಉತ್ತರ ಬದಲಾಗುತ್ತದಾ?’ ಎಂದು ಬರೆದರೆ ಸಾಕು. ಹತ್ತು ಪುಟ ಬಿಡಿಸಿದ ಲೆಕ್ಕಕ್ಕಿಂತ ಆ ಒಂದು ಪ್ರಶ್ನೆ ಮೇಲು.

ಕೆಮಿಸ್ಟ್ರಿಯಲ್ಲಿ ನಿಯಮಕ್ಕಿಂತ ಅಪವಾದಗಳನ್ನು ಎದ್ದು ಕಾಣುವಂತೆ ಬರೆಯಿರಿ, ಕಾರಣ ಸಮೇತ. ಪೀರಿಯಾಡಿಕ್ ಟೇಬಲ್‌ನ ಒಂದು ಸಾಲಿನಲ್ಲಿ ಎಡದಿಂದ ಬಲಕ್ಕೆ ಹೋದಂತೆ ಅಯೊನೈಸೇಶನ್ ಎಂಥಾಲ್ಪಿ, ಅಂದರೆ ಪರಮಾಣುವಿನಿಂದ ಒಂದು ಎಲೆಕ್ಟ್ರಾನ್ ಕಿತ್ತು ತೆಗೆಯಲು ಬೇಕಾದ ಶಕ್ತಿ, ಸಾಮಾನ್ಯವಾಗಿ ಹೆಚ್ಚುತ್ತದೆ. ಆದರೆ ಆಕ್ಸಿಜನ್‌ಗಿಂತ ಅದರ ಹಿಂದಿನ ನೈಟ್ರೋಜನ್‌ದೇ ಜಾಸ್ತಿ, ಅರ್ಧ ತುಂಬಿದ ಪಿ ಆರ್ಬಿಟಲ್‌ಗಳಿಂದಾಗಿ. ಪ್ರಶ್ನೆ ಬರುವುದು ಇಂಥ ಕಡೆಯಿಂದಲೇ.

ಇನ್ನು ಮಾಧ್ಯಮದ ವಿಷಯ. ಇದು ನಿಜವಾದ ಕಷ್ಟ, ನಿಮ್ಮ ಬುದ್ಧಿಯ ಕೊರತೆ ಖಂಡಿತ ಅಲ್ಲ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಮೊದಲ ಕೆಲವು ತಿಂಗಳು ಇಂಗ್ಲಿಷ್ ವಾಕ್ಯಗಳನ್ನು ಅರ್ಥ ಆಗದೆಯೇ ಇಳಿಸಿಕೊಳ್ಳುವುದನ್ನು ಪ್ರತಿ ವರ್ಷ ನೋಡುತ್ತೇನೆ, ಸಂಕಟವಾಗುತ್ತದೆ. ಹಾಗೆ ಮಾಡಬೇಡಿ. ಅರ್ಥ ಮಾಡಿಕೊಳ್ಳುವ ನೋಟ್ಸ್ ಕನ್ನಡದಲ್ಲೇ ಇರಲಿ, ಟರ್ಮ್‌ಗಳು ಮಾತ್ರ ಇಂಗ್ಲಿಷ್‌ನಲ್ಲಿ. ಪುಸ್ತಕದ ಕೊನೆಯ ಪುಟಗಳಲ್ಲಿ ಎರಡು ಕಾಲಂ ಮಾಡಿ, ಹೈಸ್ಕೂಲಿನಲ್ಲಿ ಕಲಿತ ಕನ್ನಡ ಪದ ಒಂದು ಕಡೆ, ಈಗಿನ ಪದ ಇನ್ನೊಂದು ಕಡೆ ಸೇರಿಸುತ್ತಾ ಹೋಗಿ. ಪಾಠ ತಲೆಗೆ ಹತ್ತಿದ ಮೇಲೆ ಅದೇ ಉತ್ತರವನ್ನು ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಬರೆದು ಅಭ್ಯಾಸ ಮಾಡಿ. ಇಂಗ್ಲಿಷ್ ಉದ್ದುದ್ದ ಇರಬೇಕಿಲ್ಲ, ಸರಿ ಇದ್ದರೆ ಆಯಿತು.

ತಂಗಿಗೆ ಸಮಾಜ ವಿಜ್ಞಾನ ಕಷ್ಟ ಎಂದಿದ್ದೀರಿ. ಇಸವಿಗಳನ್ನು ಒಂದೊಂದಾಗಿ ಬೈಹಾರ್ಟ್ ಮಾಡಿದರೆ ಒಂದೂ ನಿಲ್ಲುವುದಿಲ್ಲ. ನಾಲ್ಕು ಆಂಗ್ಲೋ-ಮೈಸೂರು ಯುದ್ಧಗಳಿಗೆ ಒಂದು ದೊಡ್ಡ ಟೇಬಲ್ ಹಾಕಲು ಹೇಳಿ. ಮೊದಲನೆಯದಕ್ಕೆ 1769ರ ಮದ್ರಾಸ್ ಒಪ್ಪಂದ, ಎರಡನೆಯದಕ್ಕೆ 1784ರ ಮಂಗಳೂರು ಒಪ್ಪಂದ, ಮೂರನೆಯದಕ್ಕೆ 1792ರ ಶ್ರೀರಂಗಪಟ್ಟಣ ಒಪ್ಪಂದ. ನಾಲ್ಕನೆಯದು 1799ರಲ್ಲಿ ಟಿಪ್ಪುವಿನ ಸಾವಿನೊಂದಿಗೆ ಮುಗಿಯಿತು. ಪ್ರತಿ ಸಾಲಿನಲ್ಲೂ ಯಾಕೆ ಶುರುವಾಯಿತು, ಯಾರು ಯಾರ ಕಡೆ ಇದ್ದರು, ಕೊನೆಗೆ ಯಾರಿಗೆ ಏನು ಹೋಯಿತು ಎಂದು ಬರೆಯಲಿ. 1792ರಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು, ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು. ಅದು ತಲೆಯಲ್ಲಿ ಕೂತರೆ ಏಳು ವರ್ಷದಲ್ಲೇ ಮತ್ತೊಂದು ಯುದ್ಧ ಯಾಕಾಯಿತು ಎಂದು ಬೇರೆಯಾಗಿ ಉರು ಹೊಡೆಯಬೇಕಿಲ್ಲ. ಟೇಬಲ್ ಒಮ್ಮೆ ತುಂಬಿದ ಮೇಲೆ ಖಾಲಿ ಮನೆಗಳನ್ನಷ್ಟೇ ಬರೆದುಕೊಂಡು, ನೋಡದೆ ತುಂಬಲಿ.

ಕನ್ನಡದ ಛಂದಸ್ಸೂ ಅಷ್ಟೆ. ಭಾಮಿನಿ ಷಟ್ಪದಿಯಲ್ಲಿ 1, 2, 4, 5ನೇ ಸಾಲಿಗೆ ಮೂರು-ನಾಲ್ಕು, ಮೂರು-ನಾಲ್ಕರಂತೆ 14 ಮಾತ್ರೆ, 3 ಮತ್ತು 6ನೇ ಸಾಲಿಗೆ ಕೊನೆಯ ಗುರು ಸೇರಿ 23 ಮಾತ್ರೆ. ಈ ಲಕ್ಷಣ ಬರೆದಿಟ್ಟರೆ ಸಾಲದು. ಪಠ್ಯದಲ್ಲಿರುವ ಪದ್ಯಗಳಿಗೆಲ್ಲ ತಾನೇ ಪ್ರಸ್ತಾರ ಹಾಕಬೇಕು. ಎರಡು ಪದ್ಯ ಆಗುವಷ್ಟರಲ್ಲಿ ಕಿವಿಗೇ ಲಯ ಸಿಗುತ್ತದೆ.

ಸೀನಿಯರ್‌ಗಳ ಜೆರಾಕ್ಸ್ ನೋಟ್ಸ್, ವಾಟ್ಸಾಪ್‌ನಲ್ಲಿ ಬರುವ ಪಿಡಿಎಫ್ ಬಗ್ಗೆಯೂ ಹೇಳಬೇಕು. ತರಗತಿ ತಪ್ಪಿದ ದಿನ ಅವು ಉಪಕಾರಕ್ಕೆ ಬರುತ್ತವೆ, ನಿಜ. ಆದರೆ ಫೋನಿನಲ್ಲಿ ನೂರು ಪಿಡಿಎಫ್ ಕೂಡಿಟ್ಟುಕೊಂಡು ನಿಮ್ಮ ಕೈಯಲ್ಲಿ ಬರೆದ ಒಂದು ಪುಟವೂ ಇಲ್ಲದಿದ್ದರೆ ಕಷ್ಟ. ಪಾಠವನ್ನು ಚಿಕ್ಕದು ಮಾಡುವಾಗ ಏನು ಇಟ್ಟುಕೊಳ್ಳಬೇಕು, ಏನು ಬಿಡಬೇಕು ಎಂದು ತಲೆ ಓಡಿಸಿದವರು ಬೇರೆ ಯಾರೋ. ಕಲಿತವರೂ ಅವರೇ.

ಸಮಯ ಎಲ್ಲಿದೆ ಎಂದು ಕೇಳುತ್ತೀರಿ, ಗೊತ್ತು. ಫೇರ್ ನೋಟ್ಸ್ ಬರೆಯುವುದನ್ನು ನಿಲ್ಲಿಸಿ, ಸಮಯ ಅಲ್ಲೇ ಸಿಗುತ್ತದೆ. ಕಾಲೇಜಿನಲ್ಲಿ ತೋರಿಸಲೇಬೇಕಾದ ರೆಕಾರ್ಡ್ ಬಿಟ್ಟರೆ ಉಳಿದದ್ದು ಗೀಚಿದಂತಿದ್ದರೂ ಪರವಾಗಿಲ್ಲ, ನಿಮಗೆ ಓದಲು ಬಂದರೆ ಸಾಕು. ಸ್ಕೆಚ್ ಪೆನ್ನಿನ ಬಾರ್ಡರ್ ಬೇಡ. ಅಂದಿನ ಪಾಠಕ್ಕೆ ಅಂದೇ ಸಂಜೆ ಹದಿನೈದು ನಿಮಿಷ ಎಡಭಾಗದ ಪ್ರಶ್ನೆಗಳು, ಮೂರು ದಿನ ಬಿಟ್ಟು ಒಮ್ಮೆ ಹಾಳೆ ಮುಚ್ಚಿ ಉತ್ತರ, ಎರಡು ವಾರ ಬಿಟ್ಟು ಇನ್ನೊಮ್ಮೆ. ಉತ್ತರ ಬಾರದ ಪ್ರಶ್ನೆಗೆ ಒಂದು ಚುಕ್ಕಿ ಇಡಿ. ಪರೀಕ್ಷೆಯ ಹಿಂದಿನ ವಾರ ಎಲ್ಲವನ್ನೂ ಮತ್ತೆ ಓದಲು ಹೋಗಬೇಡಿ, ಮೊದಲು ಚುಕ್ಕಿ ಇರುವುದನ್ನು ಮುಗಿಸಿ. ಆಮೇಲೆ ಹಳೆಯ ಪ್ರಶ್ನೆಪತ್ರಿಕೆ ಒಂದನ್ನು ಗಡಿಯಾರ ಇಟ್ಟುಕೊಂಡು ಪೂರ್ತಿ ಬರೆಯಿರಿ.

ಈ ವಾರ ಒಂದೇ ವಿಷಯದಲ್ಲಿ ಶುರು ಮಾಡಿ, ಎಲ್ಲದರಲ್ಲೂ ಒಟ್ಟಿಗೆ ಬೇಡ. ನನ್ನ ಪ್ರಕಾರ ಬಯಾಲಜಿ ಒಳ್ಳೆಯದು.