ಅಡುಗೆಮನೆ ಪ್ರಶ್ನೋತ್ತರ: ಇಡ್ಲಿ ಪಾತ್ರೆಯಲ್ಲಿ ಡಿಮ್ ಸಮ್

ಪ್ರಶ್ನೆ: ಹಾಂಗ್‌ಕಾಂಗ್‌ನಲ್ಲಿ ಎರಡು ವರ್ಷ ಕೆಲಸ ಮಾಡಿ ಬಂದಿರುವ ನನ್ನ ಮಗ ಡಿಮ್ ಸಮ್ ಬೇಕೆಂದು ಕೇಳಿದ. ಮೋಮೊ ಮಾಡಿಕೊಟ್ಟರೆ, ‘ಅಮ್ಮ, ಇದು ಅದಲ್ಲ’ ಎಂದುಬಿಟ್ಟ. ಎರಡೂ ಒಂದೇ ಅಲ್ಲವೇ?
– ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ನಿಮ್ಮ ಮಗ ಹೇಳಿದ್ದೇ ಸರಿ. ಡಿಮ್ ಸಮ್ ಎಂಬುದು ಒಂದು ತಿನಿಸಿನ ಹೆಸರಲ್ಲ. ನಾವು ‘ತಿಂಡಿ’ ಎಂದಾಗ ಇಡ್ಲಿ, ದೋಸೆ, ಉಪ್ಪಿಟ್ಟು, ಶಾವಿಗೆ ಎಲ್ಲವೂ ಅದರೊಳಗೆ ಬರುವಂತೆ, ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದವರೂ ಹಾಂಗ್‌ಕಾಂಗಿನವರೂ ಬೆಳಗಿನಿಂದ ಮಧ್ಯಾಹ್ನದವರೆಗೆ ಚಹಾದ ಜೊತೆಗೆ ತಿನ್ನುವ ಹತ್ತಾರು ಬಗೆಯ ಸಣ್ಣ ತಿನಿಸುಗಳಿಗೆಲ್ಲ ಸೇರಿ ಇರುವ ಹೆಸರು ಅದು. ಅವುಗಳಲ್ಲಿ ಹಬೆಯಲ್ಲಿ ಬೇಯಿಸಿದವೂ ಇವೆ, ಕರಿದವೂ ಇವೆ, ಕಾವಲಿಯ ಮೇಲೆ ಕೆಂಪಗೆ ಮಾಡಿದವೂ ಇವೆ. ಅವನ್ನು ತಿನ್ನಲು ಹೋಗುವುದಕ್ಕೆ ಅಲ್ಲಿಯವರು ‘ಯಮ್ ಚಾ’, ಅಂದರೆ ಚಹಾ ಕುಡಿಯುವುದು, ಎನ್ನುತ್ತಾರೆ. ನಮ್ಮ ಊರಿನಲ್ಲಿ ಹಿರಿಯರು ‘ಕಾಫಿ ಆಯಿತೇ?’ ಎಂದು ಕೇಳುವಾಗ ತಿಂಡಿಯನ್ನೂ ಸೇರಿಸಿಯೇ ಕೇಳುವುದಿಲ್ಲವೇ, ಹಾಗೆ.

ಮೋಮೊ ಟಿಬೆಟ್ ಮತ್ತು ನೇಪಾಳದ ತಿನಿಸು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1961ರಲ್ಲಿ ಟಿಬೆಟನ್ನರು ನೆಲೆಸಿದ್ದರಿಂದ ಮೈಸೂರಿನ ಕಡೆಯವರಿಗೆ ಅದು ಹತ್ತಿರದ ಪರಿಚಯ. ಅದರ ಹೊದಿಕೆ ಮೈದಾಹಿಟ್ಟಿನದು, ಕೊಂಚ ದಪ್ಪ. ಡಿಮ್ ಸಮ್‌ಗಳಲ್ಲಿ ಮಾತ್ರ ಹೊದಿಕೆ ತಿನಿಸಿನಿಂದ ತಿನಿಸಿಗೆ ಬದಲಾಗುತ್ತದೆ. ‘ಸಿಯು ಮಾಯ್’ಗೆ ಮೊಟ್ಟೆ ಸೇರಿಸಿ ಕಲಸಿದ ತೆಳು ಗೋಧಿ ಹಾಳೆ, ‘ಹಾ ಗಾವ್’ಗೆ ಪಾರದರ್ಶಕ ಪಿಷ್ಟ, ‘ಬಾವ್’ಗೆ ಹುದುಗು ಬಂದ ಮೆತ್ತನೆಯ ಹಿಟ್ಟು, ‘ಚುಂಗ್ ಫನ್’ಗೆ ಅಕ್ಕಿಯ ನೀರುಹಿಟ್ಟು. ಯಾವುದು ಬೇಕೆಂದು ಮೊದಲು ಮಗನನ್ನು ಕೇಳಿಕೊಳ್ಳಿ. ಸಿಯು ಮಾಯ್ ಎಂದರೆ ನಿಮ್ಮ ಅದೃಷ್ಟ, ಅದು ಎಲ್ಲಕ್ಕಿಂತ ಸುಲಭ. ಬಾಯಿ ತೆರೆದೇ ಇರುವುದರಿಂದ ಮಡಿಕೆ ಹಾಕುವ ಕೆಲಸವೇ ಇಲ್ಲ.

ಪ್ರಶ್ನೆ: ಹೋಟೆಲೊಂದರಲ್ಲಿ ತಿಂದ ಸಿಗಡಿ ಡಿಮ್ ಸಮ್‌ನ ಹೊದಿಕೆಯೊಳಗಿನಿಂದ ಸಿಗಡಿಯ ಕೆಂಪು ಬಣ್ಣ ಕಾಣುತ್ತಿತ್ತು. ಮನೆಯಲ್ಲಿ ಮೈದಾಹಿಟ್ಟನ್ನು ಎಷ್ಟು ತೆಳ್ಳಗೆ ಲಟ್ಟಿಸಿದರೂ ಬೆಂದ ಮೇಲೆ ಬೆಳ್ಳಗೆ, ರಬ್ಬರಿನಂತೆ ಆಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?
– ಓದುಗರು, ಸುಭಾಷ್ ನಗರ, ಮಂಡ್ಯ

ಉತ್ತರ: ನೀವು ತಿಂದದ್ದು ಹಾ ಗಾವ್. ಅದರ ಹೊದಿಕೆಯಲ್ಲಿ ಮೈದಾ ಇರುವುದೇ ಇಲ್ಲ. ಮೈದಾದಲ್ಲಿ ಪಿಷ್ಟದ ಜೊತೆಗೆ ಗ್ಲುಟೆನ್ ಎಂಬ ಅಂಟು ಪ್ರೋಟೀನ್ ಇರುತ್ತದೆ. ಹೋಳಿಗೆಯ ಕಣಕ ಹರಿಯದೆ ಎಳೆದಷ್ಟೂ ಬರುವುದು ಅದರಿಂದಲೇ, ನಿಮ್ಮ ಡಿಮ್ ಸಮ್ ರಬ್ಬರಾಗುವುದೂ ಬೆಳ್ಳಗೆ ಕಾಣುವುದೂ ಅದರಿಂದಲೇ. ಅಂಟನ್ನು ತೊಳೆದು ತೆಗೆದ ಬರಿಯ ಗೋಧಿ ಪಿಷ್ಟವು ನೀರು ಕುಡಿದು ಬೆಂದಾಗ ಹಾಲುಬಾಯಿಯಂತೆ ಹೊಳಪು ಬಂದು ಪಾರದರ್ಶಕವಾಗುತ್ತದೆ. ಅಂಗಡಿಗಳಲ್ಲಿಯೂ ಆನ್‌ಲೈನ್‌ನಲ್ಲಿಯೂ ಇದು ‘ವೀಟ್ ಸ್ಟಾರ್ಚ್’ ಎಂಬ ಹೆಸರಿನಲ್ಲಿ ದೊರೆಯುತ್ತದೆ. ಗೋಧಿಹಿಟ್ಟೆಂದು ತಪ್ಪು ತಿಳಿದು ಬೇರೆ ಪೊಟ್ಟಣ ತರಬೇಡಿ.

ಸಿಗದಿದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು, ಗೋಧಿ ಹಾಲು ತೆಗೆದು ಹಲ್ವ ಮಾಡಿದವರಿಗೆ ಇದು ಹೊಸದೇನೂ ಅಲ್ಲ. ಕಳೆದ ಬೇಸಿಗೆಯಲ್ಲಿ ಸಂಡಿಗೆ ಹಾಕಿದ ದಿನವೇ ನಾನು ಇದನ್ನೂ ಮಾಡಿ ನೋಡಿದೆ. ಮೈದಾವನ್ನು ಚಪಾತಿಯ ಹದಕ್ಕೆ ಕಲಸಿ, ಅರ್ಧ ಗಂಟೆ ಬಿಟ್ಟು, ಬೋಗುಣಿಯ ನೀರಿನಲ್ಲಿ ಬಟ್ಟೆ ಹಿಂಡುವಂತೆ ಹಿಸುಕುತ್ತ ಹೋದರೆ ನೀರು ಹಾಲಾಗುತ್ತದೆ, ಕೈಯಲ್ಲಿ ಹಳದಿ ಬಣ್ಣದ ಅಂಟು ಮುದ್ದೆ ಉಳಿಯುತ್ತದೆ. ಆ ಹಾಲನ್ನು ತೆಳು ಬಟ್ಟೆಯಲ್ಲಿ ಸೋಸಿ ರಾತ್ರಿಯಿಡೀ ಅಲುಗಾಡಿಸದೆ ಇಡಬೇಕು. ಬೆಳಿಗ್ಗೆ ಮೇಲಿನ ತಿಳಿಯನ್ನು ಬಗ್ಗಿಸಿದಾಗ ತಳದಲ್ಲಿ ಗಾರೆಯಂತೆ ಕೂತಿದ್ದ ಪಿಷ್ಟ ವಿಚಿತ್ರವಾಗಿ ವರ್ತಿಸಿತು. ಬೆರಳಿನಿಂದ ಜೋರಾಗಿ ಒತ್ತಿದರೆ ಕಲ್ಲಿನ ಹಾಗೆ ಗಟ್ಟಿ, ಮೆಲ್ಲಗೆ ಎತ್ತಿದರೆ ಬೆರಳಿನ ಸಂದಿನಿಂದ ಹಾಲಾಗಿ ಜಾರುತ್ತಿತ್ತು. ಅದನ್ನು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ ಪುಡಿ ಮಾಡಿ ಜರಡಿ ಹಿಡಿದೆ. ಅಂಗಡಿಯದರಷ್ಟು ಬಿಳುಪು ಬರಲಿಲ್ಲ, ಆದರೆ ಬೆಂದ ಹೊದಿಕೆಯೊಳಗೆ ಕ್ಯಾರೆಟ್ ಚೂರುಗಳನ್ನು ಎಣಿಸಬಹುದಿತ್ತು.

ಅಳತೆ ಹೀಗಿರಲಿ: ಗೋಧಿ ಪಿಷ್ಟ 100 ಗ್ರಾಂ, ಮರಗೆಣಸಿನ ಪಿಷ್ಟ 50 ಗ್ರಾಂ, ನೀರು ಸುಮಾರು 200 ಮಿಲಿಲೀಟರ್, ಚಿಟಿಕೆ ಉಪ್ಪು, ಒಂದು ಚಮಚ ಎಣ್ಣೆ. ಮರಗೆಣಸಿನ ಪಿಷ್ಟಕ್ಕೆ ಬದಲಾಗಿ ಸಬ್ಬಕ್ಕಿಯನ್ನು ಪುಡಿ ಮಾಡಿ ಹಾಕಬಹುದೆಂದು ಹಲವರು ಭಾವಿಸುತ್ತಾರೆ. ಸಬ್ಬಕ್ಕಿಯನ್ನು ತಯಾರಿಸುವಾಗಲೇ ಅರೆಬೇಯಿಸಿರುತ್ತಾರೆ, ಆದ್ದರಿಂದ ಹೊದಿಕೆ ತರಿತರಿಯಾಗುತ್ತದೆ. ನೀರು ಮಾತ್ರ ಕೊತಕೊತ ಕುದಿಯುತ್ತಿರಲೇಬೇಕು. ಗೌರಿಹಬ್ಬದ ಕಡುಬಿಗೆ ಅಕ್ಕಿಹಿಟ್ಟನ್ನು ಉಕ್ಕರಿಸುವಾಗ ನೀರು ಸಾಲದಷ್ಟು ಕಾದಿದ್ದರೆ ಕಡುಬು ಅಂಚಿನಲ್ಲಿ ಬಿರಿಯುವುದನ್ನು ನೀವು ನೋಡಿರುತ್ತೀರಿ. ಇಲ್ಲಿಯೂ ಅದೇ ಕಾರಣಕ್ಕೆ ಅದೇ ಗತಿ. ಪಿಷ್ಟವು ಮೊದಲೇ ಕೊಂಚ ಬೆಂದು ಜಿಗುಟಾದರೆ ಮಾತ್ರ ಗ್ಲುಟೆನ್ ಇಲ್ಲದ ಹಿಟ್ಟು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಕುದಿನೀರನ್ನು ಗೋಧಿ ಪಿಷ್ಟಕ್ಕೆ ಒಮ್ಮೆಗೇ ಸುರಿದು, ಕೋಲಿನಿಂದ ತಿರುವಿ, ಐದು ನಿಮಿಷ ಮುಚ್ಚಿಡಿ. ಅನಂತರ ಮರಗೆಣಸಿನ ಪಿಷ್ಟ ಸೇರಿಸಿ, ಕೈ ತಡೆಯುವಷ್ಟು ಬಿಸಿಯಿರುವಾಗಲೇ ಎಣ್ಣೆ ಹಚ್ಚಿ ನಾದಿ. ಮುಟ್ಟಿದರೆ ಕಿವಿಯ ಹಾಲೆಯಂತೆ ಇರಬೇಕು. ನೆಲ್ಲಿಕಾಯಿಗಿಂತ ಚಿಕ್ಕ ಉಂಡೆ ಮಾಡಿ, ಪೂರಿ ಒತ್ತುವ ಯಂತ್ರದಲ್ಲಿ ಎರಡು ಎಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆಗಳ ನಡುವೆ ಒಂದೇ ಸಲ ಒತ್ತಿ. ಚೀನೀ ಅಡುಗೆಯವರು ಇದನ್ನು ಅಗಲವಾದ ಕತ್ತಿಯ ಮಗ್ಗುಲಿನಿಂದ ಒತ್ತುತ್ತಾರೆ. ಉಳಿದ ಹಿಟ್ಟು ಒದ್ದೆ ಬಟ್ಟೆಯ ಕೆಳಗಿರಲಿ.

ಹೂರಣಕ್ಕೆ ಸಿಗಡಿಯನ್ನು ಉಪ್ಪು ಮತ್ತು ಒಂದು ಚಮಚ ಪಿಷ್ಟ ಹಾಕಿ ಉಜ್ಜಿ ತೊಳೆದು, ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಅರ್ಧವನ್ನು ಜಜ್ಜಿ ಅರ್ಧವನ್ನು ದೊಡ್ಡದಾಗಿ ಹೆಚ್ಚಿಕೊಳ್ಳಿ. ಮೂಲದಲ್ಲಿ ಇದಕ್ಕೆ ಎಳೆ ಬಿದಿರು, ಅಂದರೆ ನಮ್ಮ ಕಳಲೆ, ಸೇರುತ್ತದೆ ಎಂದರೆ ಕೊಡಗಿನ ನಂಟಿರುವವರು ಸಂತೋಷಪಟ್ಟಾರು. ಆದರೆ ಹಸಿಯಾಗಿ ಹಾಕುವಂತಿಲ್ಲ. ವಾಡಿಕೆಯಂತೆ ನೀರು ಬದಲಿಸುತ್ತ ನೆನೆಸಿ, ಬೇಯಿಸಿ, ಆ ನೀರನ್ನು ಚೆಲ್ಲಿಯೇ ಬಳಸಬೇಕು. ಹಬೆಯಲ್ಲಿ ಐದಾರು ನಿಮಿಷ ಸಾಕು. ಇಳಿಸಿದ ಕೂಡಲೇ ಹೊದಿಕೆ ಬೆಳ್ಳಗೇ ಕಂಡರೆ ಗಾಬರಿಯಾಗಬೇಡಿ, ಒಂದೆರಡು ನಿಮಿಷದಲ್ಲಿ ತಿಳಿಯಾಗುತ್ತದೆ.

ಪ್ರಶ್ನೆ: ಬಿದಿರಿನ ಬುಟ್ಟಿ ಇಲ್ಲದೆ ಇಡ್ಲಿ ಪಾತ್ರೆಯಲ್ಲಿಟ್ಟೆ. ಎಲ್ಲವೂ ಒದ್ದೆಯಾಗಿ ತಟ್ಟೆಗೆ ಅಂಟಿ, ತೆಗೆಯುವಾಗ ಕಿತ್ತುಹೋದವು.
– ಓದುಗರು, ಮದ್ದೂರು

ಉತ್ತರ: ಬಿದಿರಿನ ಮುಚ್ಚಳ ಹಬೆಯನ್ನು ಹೀರಿಕೊಂಡು ಹೊರಗೂ ಬಿಡುತ್ತದೆ, ಲೋಹದ ಮುಚ್ಚಳದಲ್ಲಿ ಅದೇ ಹಬೆ ಹನಿಯಾಗಿ ತಿನಿಸಿನ ಮೇಲೆ ತೊಟ್ಟಿಕ್ಕುತ್ತದೆ. ಮುಚ್ಚಳಕ್ಕೆ ಒಣ ಬಟ್ಟೆ ಸುತ್ತಿ ಮೇಲುಗಡೆ ಗಂಟು ಹಾಕಿದರೆ ಅರ್ಧ ತೊಂದರೆ ಮುಗಿಯಿತು. ಗುಳಿಯಿರುವ ಇಡ್ಲಿ ತಟ್ಟೆಯನ್ನು ಬಿಟ್ಟು ತಟ್ಟೆ ಇಡ್ಲಿಯ ತಟ್ಟೆಯನ್ನೋ ತೂತಿನ ತಟ್ಟೆಯನ್ನೋ ಬಳಸಿ, ಕೆಳಗೆ ಎಲೆಕೋಸಿನ ಎಲೆ ಹಾಸಿ. ಬಾಳೆ ಎಲೆಯೂ ಆಗುತ್ತದೆ. ಹಬೆ ಮೇಲೇರಲು ಅಲ್ಲಲ್ಲಿ ಚುಚ್ಚಿ ತೂತು ಮಾಡಬೇಕು, ಸುವಾಸನೆ ಮಾತ್ರ ಕಡುಬಿನದೇ ಬಂದುಬಿಡುತ್ತದೆ. ಒಂದಕ್ಕೊಂದು ತಾಗದಂತೆ ಇಡಿ. ನೀರು ಕುದಿ ಬಂದ ಮೇಲೆಯೇ ತಟ್ಟೆ ಒಳಗೆ ಹೋಗಲಿ. ಹೊದಿಕೆ ಒಳಗಿನಿಂದಲೇ ನೆನೆದು ಹರಿದಿದ್ದರೆ ತಪ್ಪು ಹೂರಣದ್ದು: ಹೆಚ್ಚಿದ ಎಲೆಕೋಸಿಗೆ ಉಪ್ಪು ಬೆರೆಸಿ ಕಾಲು ಗಂಟೆ ಬಿಟ್ಟು, ಹಿಂಡಿ ನೀರು ತೆಗೆಯದೆ ತುಂಬಿದಿರೆಂದು ಕಾಣುತ್ತದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಮಾಂಸ, ಮೊಟ್ಟೆ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮಗೆ ಇದರಲ್ಲಿ ಏನಾದರೂ ಉಳಿದಿದೆಯೇ?
– ನಿವೃತ್ತ ಅಧ್ಯಾಪಕಿ, ಶ್ರೀರಂಗಪಟ್ಟಣ

ಉತ್ತರ: ಧಾರಾಳವಾಗಿ ಉಳಿದಿದೆ. ಚೀನಾದ ಬೌದ್ಧ ಸಸ್ಯಾಹಾರದಲ್ಲಿಯೂ ಈರುಳ್ಳಿ ಬೆಳ್ಳುಳ್ಳಿ ನಿಷಿದ್ಧ, ಆದ್ದರಿಂದ ನೀವು ಏನನ್ನೋ ಕಳೆದುಕೊಂಡು ಮಾಡುತ್ತಿದ್ದೀರೆಂದು ಭಾವಿಸಬೇಕಾಗಿಲ್ಲ. ಅಣಬೆ, ಕ್ಯಾರೆಟ್, ಹುರುಳಿಕಾಯಿ, ಟೋಫು, ಶುಂಠಿ, ಬಿಳಿ ಮೆಣಸಿನ ಪುಡಿ, ಸ್ವಲ್ಪ ಸೋಯಾ ಸಾಸ್ ಸಾಕು. ಎಳ್ಳೆಣ್ಣೆ ಎಂದಲ್ಲಿ ಎಚ್ಚರವಿರಲಿ: ಅವರದು ಹುರಿದ ಎಳ್ಳಿನಿಂದ ತೆಗೆದ, ಕಂದು ಬಣ್ಣದ, ಘಮಘಮಿಸುವ ಎಣ್ಣೆ, ನಮ್ಮ ಗಾಣದ ಎಳ್ಳೆಣ್ಣೆಯಲ್ಲಿ ಆ ಪರಿಮಳ ಇರುವುದಿಲ್ಲ. ಎರಡು ಚಮಚ ಬಿಳಿ ಎಳ್ಳನ್ನು ಹೊಂಬಣ್ಣಕ್ಕೆ ಹುರಿದು ಕುಟ್ಟಿ ಹೂರಣಕ್ಕೆ ಬೆರೆಸಿದರೆ ಆ ಕೊರತೆ ತುಂಬುತ್ತದೆ.

ನಿಮಗೆ ನಾನು ಮೊದಲು ಸೂಚಿಸುವುದು ಹೊದಿಕೆಯೇ ಇಲ್ಲದ ‘ಲೊ ಬಾಕ್ ಗೊ’, ಅಂದರೆ ಮೂಲಂಗಿಯ ಕಡುಬು. ಚೀನೀ ಹೊಸ ವರ್ಷಕ್ಕೆ ಮಾಡುವ ತಿನಿಸು ಇದು. ಅರ್ಧ ಕಿಲೋ ಬಿಳಿ ಮೂಲಂಗಿಯನ್ನು ತುರಿದು ಅದರ ನೀರಿನಲ್ಲಿಯೇ ಹತ್ತು ನಿಮಿಷ ಬೇಯಿಸಿ. ಹುರಿದ ಅಣಬೆ, ಉಪ್ಪು, ಬಿಳಿ ಮೆಣಸು ಸೇರಿಸಿ. 150 ಗ್ರಾಂ ಅಕ್ಕಿಹಿಟ್ಟಿಗೆ ಎರಡು ಚಮಚ ಕಾರ್ನ್‌ಫ್ಲೋರ್ ಕೂಡಿಸಿ, ನೀರಿನಲ್ಲಿ ಕದಡಿ, ಬಿಸಿ ಮೂಲಂಗಿಗೆ ಬೆರೆಸಿದರೆ ಇಡ್ಲಿ ಹಿಟ್ಟಿಗಿಂತ ಗಟ್ಟಿಯಾದ ಹದ ಬರಬೇಕು. ಎಣ್ಣೆ ಸವರಿದ ಆಳ ತಟ್ಟೆಗೆ ಹಾಕಿ ಮುಕ್ಕಾಲು ಗಂಟೆ ಹಬೆಯಲ್ಲಿಡಿ. ಪೂರ್ತಿ ಆರಿದ ಮೇಲೆ, ಸಾಧ್ಯವಾದರೆ ಮರುದಿನ, ಬಿಲ್ಲೆಗಳಾಗಿ ಕೊಯ್ದು ಕಾವಲಿಯ ಮೇಲೆ ಎರಡೂ ಬದಿ ಕೆಂಪಗೆ ಮಾಡಿ. ಬಿಸಿಯಿರುವಾಗಲೇ ಕೊಯ್ದರೆ ಚಾಕುವಿಗೆ ಅಂಟಿ ಚಿಂದಿಯಾಗುತ್ತದೆ; ನಮ್ಮ ಮನೆಯಲ್ಲಿ ಮೊದಲ ಸಲ ಅದನ್ನು ಚಮಚದಲ್ಲಿ ತಿಂದೆವು. ಬೇಯುವಾಗ ಮೂಲಂಗಿಯ ವಾಸನೆ ಬೀದಿಗೆ ಬರುತ್ತದೆ, ನೆರೆಯವರಿಗೆ ಮೊದಲೇ ತಿಳಿಸಿರಿ.

ಪ್ರಶ್ನೆ: ಬಾವ್ ಒಲೆಯ ಮೇಲಿದ್ದಾಗ ಚೆಂಡಿನಂತೆ ಉಬ್ಬಿ, ಮುಚ್ಚಳ ತೆಗೆದ ಕೂಡಲೇ ಸುಕ್ಕುಗಟ್ಟುತ್ತದೆ. ಮೇಲೆ ಹಳದಿ ಚುಕ್ಕೆಗಳೂ ಏಳುತ್ತವೆ.
– ಓದುಗರು, ನಂಜನಗೂಡು

ಉತ್ತರ: ಹಳದಿ ಚುಕ್ಕೆ ಸರಿಯಾಗಿ ಬೆರೆಯದ ಬೇಕಿಂಗ್ ಪೌಡರಿನದು, ಮೈದಾದೊಡನೆ ಎರಡು ಸಲ ಜರಡಿ ಹಿಡಿಯಿರಿ. ಸುಕ್ಕಿಗೆ ಹಿಟ್ಟು ಅತಿಯಾಗಿ ಹುದುಗು ಬಂದಿರುವುದು ಒಂದು ಕಾರಣ, ಥಟ್ಟನೆ ತಣ್ಣನೆಯ ಗಾಳಿ ತಾಗುವುದು ಇನ್ನೊಂದು. ಮಧ್ಯಮ ಉರಿಯಲ್ಲಿ 12 ನಿಮಿಷ ಬೇಯಿಸಿ, ಒಲೆ ಆರಿಸಿ, ಮುಚ್ಚಳವನ್ನು ಒಂದು ಬೆರಳಿನಷ್ಟು ಓರೆ ಮಾಡಿ ಮೂರು ನಿಮಿಷ ಬಿಟ್ಟು ತೆರೆಯಿರಿ.

ಪ್ರಶ್ನೆ: ಹಿಂದಿನ ದಿನವೇ ಮಾಡಿಡಬಹುದೇ?
– ಓದುಗರು, ಪಾಂಡವಪುರ

ಉತ್ತರ: ಸಿಯು ಮಾಯ್ ಆದರೆ ಆಗಬಹುದು. ಹಸಿಯಾಗಿಯೇ ತಟ್ಟೆಯಲ್ಲಿ ಬಿಡಿಬಿಡಿಯಾಗಿಟ್ಟು ಫ್ರೀಜರಿನಲ್ಲಿ ಗಟ್ಟಿ ಮಾಡಿ, ಅನಂತರ ಡಬ್ಬಿಗೆ ತುಂಬಿಕೊಳ್ಳಿ. ಬೇಯಿಸುವಾಗ ಕರಗಲು ಬಿಡದೆ ನೇರವಾಗಿ ಹಬೆಗಿಟ್ಟು, ಮೂರು ನಾಲ್ಕು ನಿಮಿಷ ಹೆಚ್ಚು ಕೊಡಿ. ಹಾ ಗಾವ್ ಅನ್ನು ಹಾಗೆ ಇಡಬೇಡಿ, ಪಿಷ್ಟದ ಹೊದಿಕೆ ಮನೆಯ ಫ್ರಿಜ್ಜಿನಲ್ಲಿ ಒಣಗಿ ಸೀಳುತ್ತದೆ. ಬೆಂದದ್ದು ಮಿಕ್ಕಿ ಗಟ್ಟಿಯಾಗಿದ್ದರೆ ಮರುದಿನ ಎರಡು ನಿಮಿಷ ಹಬೆ ತೋರಿಸಿ, ಮತ್ತೆ ಮೆತ್ತಗಾಗುತ್ತದೆ.