‘ಅದ್ವೊಕಾತ್’ ಲೇಖನ ಓದಿದೆ, ವುಯ್ತ್ ಎಲ್ಲಿ?

ನಮಸ್ಕಾರ. ಪೋಲೆಂಡಿನಲ್ಲಿ ವಕೀಲರಿಗೆ ಹೇಳುವ ‘ಅದ್ವೊಕಾತ್’ ಪದ ಲ್ಯಾಟಿನ್‌ನಿಂದ ಬಂದ ಕತೆಯನ್ನು ನೀವು ಬರೆದಿದ್ದೀರಿ. ನೇರವಾಗಿ ಹೇಳುತ್ತೇನೆ, ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ವಿಷಯ ತುಂಬಾ ಚೆನ್ನಾಗಿದೆ.

ಮೊದಲ ಎರಡು ಪುಟ ಬರೀ ರೋಮ್ ಸಾಮ್ರಾಜ್ಯದ ವೈಭವ. ಅದು ಬೇಡ. ಲ್ಯಾಟಿನ್‌ನಲ್ಲಿ ‘ಅಡ್ವೊಕಾಟುಸ್’ ಅಂದರೆ ನೆರವಿಗೆ ಕರೆಸಿಕೊಂಡವನು ಅಂತ ಹೇಳಿ ಮುಂದೆ ಹೋಗಿ. ‘ಇದು ಸಂಸ್ಕೃತದ ವಾಕ್‌ನಿಂದ ಹುಟ್ಟಿದ್ದು’ ಎಂಬ ಸಾಲನ್ನೂ ತೆಗೆಯಿರಿ. ವಾಕ್ ಮತ್ತು ಅಡ್ವೊಕಾಟುಸ್‌ಗೆ ನಂಟಿರುವ ಲ್ಯಾಟಿನ್‌ನ ‘ವೋಕ್ಸ್’ (ದನಿ) ದಾಯಾದಿಗಳು ಅಷ್ಟೇ, ಒಂದರಿಂದ ಇನ್ನೊಂದು ಹುಟ್ಟಿಲ್ಲ.

ನನಗೆ ಬೇಜಾರಾಗಿದ್ದು ಮೂರನೇ ಪುಟದಲ್ಲಿ, ಪೋಲೆಂಡಿನ ಊರ ಮುಖ್ಯಸ್ಥನಿಗೆ ಹೇಳುವ ‘ವುಯ್ತ್’ ಪದದ ಬಗ್ಗೆ. ‘ಅದ್ವೊಕಾತ್ ಹೊರಗಿನ ಪದ, ವುಯ್ತ್ ಅಪ್ಪಟ ಪೋಲಿಷ್’ ಅಂತ ಬರೆದಿದ್ದೀರಲ್ಲ, ಅದು ತಪ್ಪು. ವುಯ್ತ್ ಕೂಡ ಅದೇ ಅಡ್ವೊಕಾಟುಸ್! ಜರ್ಮನರ ಬಾಯಲ್ಲಿ ಸವೆದು ‘ಫೋಗ್ಟ್’ ಆಗಿ, ಮಧ್ಯಯುಗದಲ್ಲಿ ಅಲ್ಲಿಂದ ವಲಸೆ ಬಂದವರ ಜೊತೆ, ಅವರು ತಂದ ಮಾಗ್ಡೆಬುರ್ಗ್ ಕಾನೂನಿನ (ಆ ಹೆಸರಿನ ಜರ್ಮನ್ ನಗರದ ಆಡಳಿತ ಕಾನೂನು) ಜೊತೆ ಪೋಲೆಂಡಿಗೆ ಬಂದು ನೆಲೆಸಿತು. 1257ರಲ್ಲಿ ಕ್ರಾಕುವ್ ನಗರಕ್ಕೆ ಆ ಕಾನೂನಿನ ಸನ್ನದು ಸಿಕ್ಕಿತು. ಅಂದಿನ ಲ್ಯಾಟಿನ್ ದಾಖಲೆಗಳು ವುಯ್ತ್‌ನನ್ನು ಅಡ್ವೊಕಾಟುಸ್ ಅಂತಲೇ ಬರೆಯುತ್ತವೆ. ಆದರೆ ಅವನು ಯಾರ ಪರವಾಗಿಯೂ ವಾದ ಮಾಡುವವನಲ್ಲ, ನಗರದ ನ್ಯಾಯಪೀಠದಲ್ಲಿ ಮುಂದೆ ಕೂರುವವನು, ವಸೂಲಾದ ದಂಡದಲ್ಲಿ ಪಾಲು ಪಡೆಯುವವನು. ಎಷ್ಟು ಜೋರಿನ ಹುದ್ದೆ ಅಂದರೆ, 1311ರಲ್ಲಿ ಕ್ರಾಕುವ್‌ನ ವುಯ್ತ್ ಆಲ್ಬರ್ಟ್ ಆಳುವ ದೊರೆಯ ವಿರುದ್ಧವೇ ದಂಗೆ ಎದ್ದ. ಮರುವರ್ಷ ಸೋತ.

ಇವತ್ತು ವುಯ್ತ್ ಅಂದರೆ ಹಳ್ಳಿಗಾಡಿನ ಸ್ಥಳೀಯ ಆಡಳಿತದ, ಅಂದರೆ ಗ್ಮಿನಾದ ಮುಖ್ಯಸ್ಥ. 2002ರಿಂದ ಜನರೇ ನೇರವಾಗಿ ಓಟು ಹಾಕಿ ಆರಿಸುತ್ತಾರೆ. ಈಗ ಯೋಚಿಸಿ, ಯಾರೋ ಒಬ್ಬ ರೈತ ತನ್ನ ಗ್ಮಿನಾ ಮೇಲೆ ಕೇಸು ಹಾಕಿದರೆ ಗ್ಮಿನಾ ಪರವಾಗಿ ನಿಲ್ಲಬೇಕಾದವನು ವುಯ್ತ್, ರೈತನ ಪರವಾಗಿ ಬರುವವನು ಅದ್ವೊಕಾತ್. ಒಂದೇ ಲ್ಯಾಟಿನ್ ಪದ ಕೋರ್ಟಿನಲ್ಲಿ ಎದುರುಬದುರು ನಿಂತ ಹಾಗಾಯಿತು, ಅಲ್ವಾ? ಇಷ್ಟು ಸೊಗಸಾದ ಸಂಗತಿಯನ್ನು ಬಿಟ್ಟು ನೀವು ಸುಮ್ನೆ ಸೀಸರ್ ಹಿಂದೆ ಹೋಗಿದ್ದೀರಿ.

ಲೇಖನ ಆ ಕೋರ್ಟಿನಿಂದಲೇ ಶುರುವಾಗಲಿ. ನಮ್ಮೂರ ‘ಅಡ್ವೊಕೇಟ್’ ಬೋರ್ಡುಗಳ ಬಗ್ಗೆ ಬರೆದಿರುವುದು ಇರಲಿ, ಅದೂ ಇದೇ ಪದ, ಇಂಗ್ಲಿಷ್ ಮೂಲಕ ಬಂದದ್ದು. ಆದರೆ ಎರಡು ಸಾಲಿಗಿಂತ ಜಾಸ್ತಿ ಬೇಡ. ಎಂಟುನೂರು ಪದದೊಳಗೆ ತಿದ್ದಿ ಕಳಿಸಿ, ಮತ್ತೆ ಓದುತ್ತೇನೆ.